ಗೋಡೆ ಮಾಲೀಕರದು, ಗಾಳಿ ನೀರು ಎಲ್ಲರದು

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಖಾನೆಯ ಅಂಗಳದಲ್ಲಿ ಬಯಲಿಗೆ ಏನನ್ನು ಪೇರಿಸಬಹುದು, ಎಷ್ಟು ಎತ್ತರಕ್ಕೆ ಪೇರಿಸಬಹುದು, ಗೋಡೆಯಿಂದ ಎಷ್ಟು ದೂರ ಬಿಡಬೇಕು ಎಂಬುದು ಇಂಜಿನಿಯರರಿಗೂ ವಕೀಲರಿಗೂ ಸೇರಿದ ವಿಷಯವೆಂದು ನಾವು ಸುಮ್ಮನಿದ್ದೇವೆ. ಆದರೆ ಆ ಗೋಡೆಗೆ ಒತ್ತಿಕೊಂಡು ಮನೆ ಮಾಡಿರುವವರು ಯಾರು? ಅದರ ಎದುರು ಅಂಗಡಿ ಇಟ್ಟಿರುವವರು ಯಾರು? ಮಾಲೀಕರ ಬಂಗಲೆ ಅಲ್ಲಿಲ್ಲ. ಅಲ್ಲಿರುವವರು ನಾವು. ಆದ್ದರಿಂದ ಇದು ನಮ್ಮ ವಿಷಯ.

ಮೊದಲು ಕಾನೂನನ್ನು ತಿಳಿಯೋಣ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ನಮ್ಮ ರಾಜ್ಯದ ಪಟ್ಟಣಗಳಿಗೆ ಮಹಾಯೋಜನೆ ತಯಾರಾಗುತ್ತದೆ. ಅದರ ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ. ಕಟ್ಟಡದ ಸುತ್ತ ಇಷ್ಟು ಜಾಗ ತೆರವಾಗಿರಬೇಕೆಂಬ ನಿಯಮವೂ ಇದರ ಜೊತೆಗಿದೆ. ಇದನ್ನೇ ಸೆಟ್‌ಬ್ಯಾಕ್ ಎನ್ನುತ್ತಾರೆ. ಗಾಳಿ ಬೆಳಕಿಗೆಂದು, ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಸುತ್ತ ತಿರುಗಲೆಂದು ಬಿಟ್ಟ ಜಾಗವದು, ಗೋದಾಮಲ್ಲ.

ಆದರೆ ಗೋದಾಮು ಕಟ್ಟಲು ಹಣ ಬೇಕು, ಬಯಲಿಗೆ ಬಾಡಿಗೆಯಿಲ್ಲ. ಹತ್ತಿ ಬೇಲು, ಕಲ್ಲಿದ್ದಲು, ಬಣ್ಣದ ಡ್ರಮ್ಮು, ಗುಜರಿ ಎಲ್ಲವೂ ಆ ತೆರವಿಗೆ ಬಂದು ಬೀಳುತ್ತವೆ. ಗಿರಣಿಯಲ್ಲಿ ದುಡಿದವರಿಗೆ ಗೊತ್ತು: ಬಿಗಿದ ಬೇಲಿಗೆ ಬೆಂಕಿ ತಗುಲಿದರೆ ಮೇಲೆ ನೀರು ಸುರಿದರೂ ಒಳಗೆ ಕೆಂಡ ಉಳಿಯುತ್ತದೆ, ಬಿಚ್ಚಿ ಹರಡಿದರೇ ಆರುವುದು. ಗಾಡಿ ನುಗ್ಗಲು ದಾರಿಯೇ ಇಲ್ಲದಿದ್ದರೆ ಯಾರು ಬಿಚ್ಚುವುದು, ಎಲ್ಲಿ ಹರಡುವುದು? ಗೋದಾಮಿನ ಖರ್ಚು ಉಳಿದದ್ದು ಮಾಲೀಕರಿಗೆ, ಅಪಾಯ ಬಂದದ್ದು ಕೇರಿಗೆ.

ಗೋಡೆಯೊಳಗೆ ಇಟ್ಟದ್ದು ಗೋಡೆಯೊಳಗೇ ಇರುತ್ತದಲ್ಲ ಎಂದು ವಾದಿಸುವವರಿಗೆ ಭೋಪಾಲವನ್ನು ತೋರಿಸಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಹೊರಬಿದ್ದ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. ಇದು ಲೋಕಕ್ಕೆ ಗೊತ್ತು. ಅದೇ ಕಾರ್ಖಾನೆ ಅಂಗಳದಲ್ಲಿ ಹೂತ, ಹೊರಗಿನ ಬಯಲು ಕೊಳಗಳಲ್ಲಿ ತುಂಬಿದ ರಾಸಾಯನಿಕ ಕಸದ ಕಥೆ ಅಷ್ಟಾಗಿ ಗೊತ್ತಿಲ್ಲ. ಆ ವಿಷ ನೆಲಕ್ಕಿಳಿದು ಸುತ್ತಲಿನ ಬಡಾವಣೆಗಳ ಅಂತರ್ಜಲ ಸೇರಿತು. ಅಲ್ಲಿನವರಿಗೆ ಶುದ್ಧ ಕುಡಿಯುವ ನೀರು ಕೊಡಿರೆಂದು 2004ರಲ್ಲಿ ಸುಪ್ರೀಂ ಕೋರ್ಟೇ ಆಜ್ಞೆ ಮಾಡಬೇಕಾಯಿತು. ಅಲ್ಲಿ ಉಳಿದಿದ್ದ ಸುಮಾರು 337 ಟನ್ ಕಸ ಪೀಥಂಪುರಕ್ಕೆ ಸಾಗಿದ್ದು 2025ರ ಜನವರಿಯಲ್ಲಿ, ಅಂದರೆ 40 ವರ್ಷಗಳ ನಂತರ! ಅದನ್ನು ಸುಡಬೇಡಿರೆಂದು ಪೀಥಂಪುರದ ಜನ ಬೀದಿಗಿಳಿದರು. ಅನಿಲ ಬಂದದ್ದು ಒಂದು ರಾತ್ರಿ. ಅಂಗಳದ ಕಸ ಕಾಡಿದ್ದು ಒಂದು ತಲೆಮಾರು. ಗೋಡೆ ಆಸ್ತಿಯ ಗಡಿಯೇ ಹೊರತು ನೀರಿನ ಗಡಿಯಲ್ಲ.

ಇನ್ನು ವರ್ತಕ ಬಂಧುಗಳಿಗೊಂದು ಮಾತು. ನಿಯಮ ಬಿಗಿಯಾದರೆ ಮೊದಲ ಪೆಟ್ಟು ನಮಗೇ ಎಂಬ ನಿಮ್ಮ ಭಯ ಸುಳ್ಳಲ್ಲ. ಚರಂಡಿ ಚಪ್ಪಡಿಯ ಮೇಲಿಟ್ಟ ಎರಡು ಚೀಲ ಅಧಿಕಾರಿಯ ಕಣ್ಣಿಗೆ ಬೇಗ ಬೀಳುತ್ತದೆ. ಎತ್ತರದ ಕಾಂಪೌಂಡಿನ ಹಿಂದಿನ ರಾಶಿ ಬೀಳುವುದಿಲ್ಲ. ಅದಕ್ಕೆ ಮದ್ದು ನಿಯಮವೇ ಬೇಡವೆನ್ನುವುದಲ್ಲ. ನಾಲ್ಕು ಚೀಲ ಬೆಲ್ಲಕ್ಕೂ ನಾನೂರು ಡ್ರಮ್ ಆಸಿಡ್ಡಿಗೂ ಒಂದೇ ಅಳತೆಗೋಲು ಹಿಡಿಯಬಾರದು. ಸರಕು ಯಾವುದು, ಎಷ್ಟು, ಯಾರ ಮನೆಯ ಪಕ್ಕ ಎಂದು ಕೇಳುವ ನಿಯಮ ನಮಗೆ ಬೇಕು.

ನಮ್ಮ ಬೇಡಿಕೆಗಳು ಇವು. ಒಂದು, ಸೆಟ್‌ಬ್ಯಾಕ್ ಜಾಗದಲ್ಲಿ ಯಾವ ದಾಸ್ತಾನೂ ಕೂಡದು. ಎರಡು, ಸೋರುವ ಸರಕಿಗೆ ಗಟ್ಟಿ ನೆಲ, ಸುತ್ತ ಕಟ್ಟೆ, ಮೇಲೆ ಮಾಡು ಇರತಕ್ಕದ್ದು. ಅಂಗಳದ ಕೊಳೆನೀರು ಊರ ಚರಂಡಿಗೆ ಬರಕೂಡದು. ಮೂರು, ಪೇರಿಸುವ ಎತ್ತರಕ್ಕೆ ಮಿತಿ ಹಾಕಿ, ವಾಸದ ವಲಯದ ಕಡೆಗೆ ಹೆಚ್ಚು ದೂರ ಬಿಡಿಸಬೇಕು. ನಾಲ್ಕು, ಒಳಗೆ ಏನಿದೆಯೆಂದು ಗೇಟಿನಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ಇದೇನೂ ಅತಿಯಾಸೆಯಲ್ಲ. ದೊಡ್ಡ ಪ್ರಮಾಣದಲ್ಲಿ ಅಪಾಯಕಾರಿ ರಾಸಾಯನಿಕ ಇಡುವವರು ಅಪಘಾತದ ಸ್ವರೂಪವನ್ನೂ ಆಗ ಮಾಡಬೇಕಾದ್ದನ್ನೂ ಸುತ್ತಲಿನವರಿಗೆ ಮೊದಲೇ ತಿಳಿಸಬೇಕೆಂದು 1989ರ ಕೇಂದ್ರ ನಿಯಮಗಳೇ ಹೇಳುತ್ತವೆ.

ಮಹಾಯೋಜನೆಯನ್ನು ಪ್ರಕಟಿಸಿದಾಗ ಸಾರ್ವಜನಿಕರು ಲಿಖಿತ ಅಭಿಪ್ರಾಯ ಕೊಡಲು ಕಾಯಿದೆ ಅವಕಾಶ ಕೊಟ್ಟಿದೆ. ಜಾಗದ ವ್ಯಾಪಾರ ಮಾಡುವವರು ಆ ನಕ್ಷೆಯನ್ನು ಗೆರೆಗೆರೆ ಓದುತ್ತಾರೆ. ನಾವು ತಿರುಗಿಯೂ ನೋಡುವುದಿಲ್ಲ. ಈ ಸಲ ನೋಡೋಣ. ಒಂದೊಂದು ಕೇರಿಯಿಂದ, ಒಂದೊಂದು ಅಂಗಡಿ ಸಾಲಿನಿಂದ ಅರ್ಜಿ ಹೋಗಲಿ, ಅದಕ್ಕೆ ಸ್ವೀಕೃತಿ ಪಡೆಯೋಣ. ಕಾರ್ಮಿಕರೂ ವರ್ತಕರೂ ಒಂದೇ ಕಾಗದಕ್ಕೆ ರುಜು ಹಾಕಿದರೆ ಆ ಕಾಗದವನ್ನು ಪಕ್ಕಕ್ಕಿಡುವುದು ಯಾವ ಕಚೇರಿಗೂ ಸುಲಭವಲ್ಲ.