ಹೊಸ ಸೇವೆ ಎಂದರೆ ಹೊಸ ಯಂತ್ರವೇ?
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಹಳ್ಳಿಯ ಸಹಕಾರಿ ಸಂಘವೊಂದು ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದು ಬರುವುದು ಸಣ್ಣ ಮಾತಲ್ಲ. ಈ ಶುಭ ಸಂದರ್ಭದಲ್ಲಿ ಸೇವಾ ಕ್ಷೇತ್ರದ ಹೊಸತನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕೇಳಿದ್ದೀರಿ. ಕೇಂದ್ರ ಸರ್ಕಾರ 2022ರಲ್ಲಿ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಹೊಸತನ ಎಂದ ಕೂಡಲೇ ಎಲ್ಲರ ಕಣ್ಣು ಕಂಪ್ಯೂಟರ್ ಮೇಲೆ ಹೋಗ್ತದೆ. ಅದು ಬೇಡ ಎನ್ನುವವರು ನಾವಲ್ಲ. ಆದರೆ ಯಂತ್ರ ಬಂದರೆ ಸೇವೆಯೂ ತಾನಾಗಿ ಸುಧಾರಿಸ್ತದೆ ಎಂಬ ನಂಬಿಕೆ ಸರಿಯೇ? ಅದನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ಬಹಳ ಕಾಲ ವಿದ್ವಾಂಸರು ಕೂಡ ಹೊಸತನವನ್ನು ಕಾರ್ಖಾನೆಯಲ್ಲೇ ಹುಡುಕಿದರು. ಹೊಸತನವನ್ನು ಅಳೆಯುವುದು ಹೇಗೆ ಎಂದು ತಿಳಿಸುವ ಓಸ್ಲೊ ಕೈಪಿಡಿ 1992ರಲ್ಲಿ ಮೊದಲು ಬಂದಾಗ ಅದರ ಗಮನವೆಲ್ಲ ವಸ್ತು ತಯಾರಿಕೆಯ ಮೇಲಿತ್ತು. ಸೇವಾ ಉದ್ಯಮಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು 1997ರ ಎರಡನೆಯ ಆವೃತ್ತಿಯಲ್ಲಿ. ಕಬ್ಬಿಣ, ಬಟ್ಟೆ ಕಣ್ಣಿಗೆ ಕಾಣ್ತವೆ. ಸೇವೆ ಹಾಗಲ್ಲ, ಕೊಡುವಾಗಲೇ ಹುಟ್ಟಿ ಕೊಡುವಾಗಲೇ ಮುಗಿಯುವಂಥದ್ದು. ಅದನ್ನು ಗೋದಾಮಿನಲ್ಲಿ ಇಡಲಾಗದು.

ಇಂಗ್ಲೆಂಡಿನ ರಿಚರ್ಡ್ ಬರಾಸ್ ಎಂಬ ಸಂಶೋಧಕರು 1986ರಲ್ಲಿ ಒಂದು ವಿಚಾರ ಮುಂದಿಟ್ಟರು. ಕಾರ್ಖಾನೆಯಲ್ಲಿ ಮೊದಲು ಹೊಸ ವಸ್ತು ಬರುತ್ತದೆ, ಅದನ್ನು ಅಗ್ಗವಾಗಿ ಮಾಡುವ ವಿಧಾನ ಆಮೇಲೆ. ಸೇವೆಯಲ್ಲಿ ಇದು ತಲೆಕೆಳಗು. ಕಂಪ್ಯೂಟರ್ ಬಂದಾಗ ಮೊದಲು ಹಳೆಯ ಕೆಲಸವೇ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಎರಡನೆಯದಾಗಿ ಅದೇ ಕೆಲಸದ ಗುಣಮಟ್ಟ ಏರುತ್ತದೆ. ಮೂರನೆಯದಾಗಿ, ಮೊದಲು ಇಲ್ಲದ ಸೇವೆಯೇ ಹುಟ್ಟುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಖಾತೆ ಪುಸ್ತಕ ಕಂಪ್ಯೂಟರಿಗೆ ಹೋದದ್ದು ಮೊದಲ ಮೆಟ್ಟಿಲು ಮಾತ್ರ. ಅಲ್ಲೇ ಕೂತರೆ ಲಾಭ ಸಂಘದ ಕಚೇರಿಗೆ, ಸದಸ್ಯನಿಗೆ ಏನಿಲ್ಲ.

ಮುಂದೆ 1997ರಲ್ಲಿ ಫ್ರಾನ್ಸಿನ ಗಲ್ಲೂಜ್ ಮತ್ತು ವೈನ್‌ಸ್ಟೈನ್ ಎಂಬಿಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೇವೆಯಲ್ಲಿ ಯಂತ್ರವೂ ಇದೆ, ಕೊಡುವವನ ಜಾಣ್ಮೆಯೂ ಇದೆ, ಪಡೆಯುವವನ ತಿಳಿವಳಿಕೆಯೂ ಇದೆ. ಇವುಗಳಲ್ಲಿ ಯಾವುದು ಬದಲಾದರೂ ಅದು ಹೊಸತನವೇ ಎಂದರು.

ಇದಕ್ಕೆ ಸಾಕ್ಷಿ ಹುಡುಕಲು ನಾವು ಫ್ರಾನ್ಸಿಗೆ ಹೋಗಬೇಕಿಲ್ಲ, ಉಡುಪಿ ಸಾಕು. ಅಲ್ಲಿ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಸಂಗ್ರಹಕಾರ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗ್ತಿದ್ದ. ಅದರಲ್ಲಿ ಯಂತ್ರ ಎಲ್ಲಿತ್ತು? ಬದಲಾದದ್ದು ನಡೆಯುವ ಕಾಲು ಯಾರದು ಎಂಬುದಷ್ಟೇ. ಅದಕ್ಕೂ ಮೊದಲು 1905ರಲ್ಲಿ ಗದಗದ ಬಳಿ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗಲೂ ಬಂಡವಾಳ ಎಂದರೆ ಪರಸ್ಪರ ನಂಬಿಕೆಯೇ. ಉಡುಪಿಯ ಆ ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಎಂದು ಬೆಳೆದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆ ಬೀದಿಗಳಲ್ಲಿ ಉಳಿದಿದೆ.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಬಿಸಿಲು ಮಳೆಯಲ್ಲಿ ತಿರುಗಿದ ಸಂಗ್ರಹಕಾರರಿಗೆ ಸಿಗ್ತಿದ್ದದ್ದು ಕಮಿಷನ್. ಅವರು ನೌಕರರೇ ಅಲ್ಲವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಅವರೂ ಕಾರ್ಮಿಕರೇ ಎಂಬ ತೀರ್ಪು ಬಂದದ್ದು 2001ರಲ್ಲಿ, ಯೋಜನೆ ಹುಟ್ಟಿ ಎಪ್ಪತ್ತು ವರ್ಷ ದಾಟಿದ ಮೇಲೆ. ಹೊಸ ಸೇವೆಯ ಭಾರ ಯಾರ ಹೆಗಲ ಮೇಲೆ ಬೀಳ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು ಎಂಬುದಕ್ಕೆ ಇದು ಪಾಠ.

ಆದ್ದರಿಂದ ಬಂಧುಗಳೇ, ಸಂಘಕ್ಕೆ ಯಾವ ಹೊಸ ವ್ಯವಸ್ಥೆ ಬಂದರೂ ಮೂರು ಪ್ರಶ್ನೆ ಕೇಳೋಣ. ಸಾಲಕ್ಕೆ, ಗೊಬ್ಬರಕ್ಕೆ ಸದಸ್ಯರು ಅಲೆಯುವುದು ಕಡಿಮೆಯಾಯಿತೇ? ಓದು ಬಾರದ ತಾಯಿಗೆ ತನ್ನ ಬಾಕಿ ಎಷ್ಟು, ಬಡ್ಡಿ ಎಷ್ಟು ಎಂದು ತಿಳಿಯಿತೇ? ಕೌಂಟರಿನಲ್ಲಿ ಕೂತ ಗುಮಾಸ್ತನಿಗೆ ಹೊಸ ಕೆಲಸದ ತರಬೇತಿ, ತಕ್ಕ ಸಂಬಳ ಸಿಕ್ಕಿತೇ? ಮೂರಕ್ಕೂ ಹೌದು ಎನ್ನುವಂತಿದ್ದರೆ ಅದು ಹೊಸ ಸೇವೆ. ಇಲ್ಲವಾದರೆ ಹಳೆಯ ಅಲೆದಾಟಕ್ಕೆ ಹೊಸ ಪೆಟ್ಟಿಗೆ ತಂದಿಟ್ಟಂತೆ, ಅಷ್ಟೇ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರದ ಜೊತೆಗೆ ಈ ಮೂರು ಪ್ರಶ್ನೆಗಳಿಗೂ ಉತ್ತರ ಓದುವ ಪದ್ಧತಿ ಶುರುವಾಗಲಿ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ.