ಬೇಸಿಗೆಯ ಫ್ರೆಂಚ್ ಶಿಬಿರ: ಮಕ್ಕಳನ್ನು ಕಳಿಸುವ ಮುನ್ನ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಬೇಸಿಗೆ ಹತ್ತಿರವಾಯಿತೆಂದರೆ ನಮ್ಮ ವಾಚನಾಲಯದ ಬಾಗಿಲಿಗೆ ಪತ್ರಿಕೆಗಳ ಜೊತೆಗೆ ಬಣ್ಣಬಣ್ಣದ ಕರಪತ್ರಗಳೂ ಬಂದು ಬೀಳುತ್ತವೆ. ಈಜು, ಚಿತ್ರಕಲೆ, ಕರಾಟೆ, ಈಚೆಗೆ ಫ್ರೆಂಚ್. ‘ನಮ್ಮ ಹುಡುಗಿಯನ್ನು ಸೇರಿಸೋಣವೇ? ಸೇರಿಸಿದರೆ ಯಾವುದಕ್ಕೆ?’ ಎಂದು ಕಾರ್ಖಾನೆಯ ಪಾಳಿ ಮುಗಿಸಿ ಬಂದವರೂ ಕಚೇರಿಯ ಗುಮಾಸ್ತರೂ ನಮ್ಮನ್ನು ಕೇಳುತ್ತಿದ್ದಾರೆ. ನಾವು ಫ್ರೆಂಚ್ ಪಂಡಿತರಲ್ಲ. ಹೋದ ಬೇಸಿಗೆಯಲ್ಲಿ ಕೈಸುಟ್ಟುಕೊಂಡವರು. ಆ ಅರ್ಹತೆಯ ಮೇಲೆಯೇ ನಾಲ್ಕು ಮಾತು ಹೇಳಲು ನಿಂತಿದ್ದೇವೆ.

ನಡೆದದ್ದು ಇಷ್ಟು. ನಮ್ಮಲ್ಲಿ ಮೂರು ಮನೆಯವರು ಸೇರಿ ಮಕ್ಕಳನ್ನು ನಗರದ ಒಂದು ಶಿಬಿರಕ್ಕೆ ಕಳಿಸಿದೆವು. ಹೆಸರು ಬೇಡ. ಹನ್ನೆರಡು ದಿನ, ದಿನಕ್ಕೆ ಎರಡು ಗಂಟೆ, ಒಂದು ಕೋಣೆಯಲ್ಲಿ ನಲವತ್ತು ಮಕ್ಕಳು. ಶುಲ್ಕ ಮನೆಬಾಡಿಗೆಯ ಅರ್ಧದಷ್ಟು. ನಮ್ಮಲ್ಲಿ ಒಬ್ಬರು ಅದನ್ನು ಕೈಗಡ ಮಾಡಿ ಕಟ್ಟಿದರು. ಕೂರ್ಮನ್ನಪಾಲೆಂನಿಂದ ಬಸ್ಸು ಹತ್ತಿ ಹೋಗಿ ಬರುವುದಕ್ಕೇ ಪಾಠಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕೊನೆಯ ದಿನ ಚಿನ್ನದ ಅಂಚಿನ ಪ್ರಮಾಣಪತ್ರ ಕೊಟ್ಟರು. ಮಗು ಒಂದರಿಂದ ಹತ್ತರವರೆಗೆ ಎಣಿಸಿತು, ಏಳು ಬಣ್ಣಗಳ ಹೆಸರು ಹೇಳಿತು. ಊರಿನಿಂದ ಅಜ್ಜಿ ಫೋನು ಮಾಡಿ, ‘ಪುಟ್ಟಿ, ನಿನ್ನ ಫ್ರೆಂಚಿನಲ್ಲಿ ನನ್ನ ಹೆಸರೇನು ಅಂತ ಕೇಳೇ ನೋಡೋಣ’ ಎಂದರು. ಪುಟ್ಟಿ ಫೋನು ಹಿಡಿದುಕೊಂಡು ನಮ್ಮ ಮುಖ ನೋಡಿದಳು. ‘ಅದನ್ನ ಹೇಳಿಕೊಡಲಿಲ್ಲ’ ಎಂದಳು. ಮೇಷ್ಟರು ತರಗತಿಯಲ್ಲಿ ಯಾವ ಭಾಷೆ ಆಡುತ್ತಿದ್ದರಮ್ಮ ಎಂದು ಕೇಳಿದೆವು. ‘ಇಂಗ್ಲಿಷು’ ಎಂದಳು. ತಪ್ಪು ಅವಳದಲ್ಲ. ಆದರೂ ಆ ಹೊತ್ತು ತಲೆ ತಗ್ಗಿಸಿದವಳು ಅವಳೇ.

ಇದೇ ಹುಡುಗಿ ಹಾಸನದ ಕಡೆಯಿಂದ ಇಲ್ಲಿಗೆ ಬಂದಾಗ ಅವಳಿಗೆ ತೆಲುಗಿನ ಒಂದು ಅಕ್ಷರವೂ ಗೊತ್ತಿರಲಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಬೀದಿಯಲ್ಲಿ ‘ಇಟು ರಾ, ಬಾಲ್ ಇವ್ವು’ ಎಂದು ಜಗಳವಾಡುತ್ತಿದ್ದಳು. ಯಾರು ಕಲಿಸಿದರು? ಚೆಂಡು ಬೇಕಾಗಿತ್ತು, ಕೊಡುವವರಿಗೆ ಕನ್ನಡ ಬಾರದು, ಅಷ್ಟೇ. ಆದಕಾರಣ ಶಿಬಿರವನ್ನು ಅಳೆಯಲು ನಮಗೆ ಬೇರೆ ಅಳತೆಗೋಲು ಬೇಡ. ನಮ್ಮ ಮಕ್ಕಳು ದುವ್ವಾಡದ ಬೀದಿಯಲ್ಲಿ ತೆಲುಗು ಕಲಿತ ಬಗೆಗೆ ಯಾವ ಶಿಬಿರ ಹತ್ತಿರವೋ ಅದು ಒಳ್ಳೆಯದು. ಶಾಲೆಯ ಬೆಂಚಿಗೆ ಎಷ್ಟು ಹತ್ತಿರವೋ ಅಷ್ಟು ದುಡ್ಡು ದಂಡ.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚೇ ಆಡಳಿತ ಭಾಷೆ. 1977ರಲ್ಲಿ ಅಲ್ಲಿ ಬಂದ ಕಾನೂನಿನ ಮೇರೆಗೆ ವಲಸೆ ಹೋದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಬೇಸಿಗೆಯಲ್ಲಿ ಅಲ್ಲಿ ಹಗಲು ಶಿಬಿರಗಳು ನಡೆಯುತ್ತವೆ. ಮಗು ಬೆಳಿಗ್ಗೆ ಬುತ್ತಿ ಹಿಡಿದು ಹೋಗಿ ಸಂಜೆ ಮನೆಗೆ ಬರುತ್ತದೆ. ಅಲ್ಲಿ ಈಜುತ್ತಾರೆ, ಹಾಡುತ್ತಾರೆ, ಕಾಗದ ಕತ್ತರಿಸುತ್ತಾರೆ; ಎಲ್ಲವೂ ಫ್ರೆಂಚಿನಲ್ಲಿ. ಬಾಯಾರಿದರೆ ನೀರನ್ನೂ ಫ್ರೆಂಚಿನಲ್ಲೇ ಕೇಳಬೇಕು. ನಮ್ಮ ಊರಿನಲ್ಲಿ ಸುತ್ತಲೂ ಫ್ರೆಂಚ್ ಆಡುವ ಬೀದಿ ಇಲ್ಲ. ಆದುದರಿಂದ ಆ ಎರಡು ಮೂರು ಗಂಟೆಯ ಮಟ್ಟಿಗಾದರೂ ಶಿಬಿರವೇ ಬೀದಿಯಾಗಬೇಕು.

ಇನ್ನು ಶುಲ್ಕ ಕಟ್ಟುವ ಮೊದಲು ಏನು ವಿಚಾರಿಸಬೇಕು? ಎಲ್ಲಕ್ಕಿಂತ ಮುಂಚೆ, ಅರ್ಧ ಗಂಟೆ ಒಳಗೆ ಕುಳಿತು ನೋಡಲು ಬಿಡುತ್ತೀರಾ ಎಂದು ಕೇಳಿ. ಬಿಡುವುದಿಲ್ಲವೆಂದರೆ ನಮಸ್ಕಾರ ಹೇಳಿ ಹೊರಟುಬನ್ನಿ. ಬಿಟ್ಟರೆ, ಗೋಡೆಯ ಮೇಲಿನ ಚಿತ್ರಗಳನ್ನು ನೋಡಬೇಡಿ, ಬಾಯಿಗಳನ್ನು ನೋಡಿ. ಆ ಅರ್ಧ ಗಂಟೆಯಲ್ಲಿ ಒಂದೊಂದು ಮಗು ಎಷ್ಟು ಸಲ ಬಾಯಿ ತೆರೆಯಿತು? ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಎರಡು ಗಂಟೆಯನ್ನು ಸಮನಾಗಿ ಹಂಚಿದರೂ ಒಬ್ಬೊಬ್ಬರಿಗೆ ಮೂರೇ ನಿಮಿಷ. ಮೇಷ್ಟರು ತುಟಿ ಬಿಚ್ಚದಿದ್ದರೆ ಮಾತ್ರ! ಹನ್ನೆರಡು ಮಕ್ಕಳಾದರೆ ಹತ್ತು ನಿಮಿಷ. ಆರು ವರ್ಷದವರನ್ನೂ ಹದಿಮೂರು ವರ್ಷದವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದರೆ ಚಿಕ್ಕವರು ಬಾಯಿ ಮುಚ್ಚುತ್ತಾರೆ, ದೊಡ್ಡವರು ಕಿಟಕಿ ನೋಡುತ್ತಾರೆ.

ಎರಡನೆಯದಾಗಿ, ಮೊದಲ ದಿನವೇ ಪುಸ್ತಕ ತೆರೆಸುವ ಶಿಬಿರದ ವಿಷಯದಲ್ಲಿ ಜೋಕೆ. ನಮ್ಮದು ಬರೆದಂತೆ ಓದುವ ಭಾಷೆ. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನ ಬಹಳ ಸಲ ಬಾಯಿಗೆ ಬರುವುದೇ ಇಲ್ಲ. ಪ್ಯಾರಿಸ್ ಎಂದು ಬರೆದು ‘ಪಾರೀ’ ಎನ್ನುತ್ತಾರೆ. ಕೆಲವು ಸ್ವರಗಳು ಮೂಗಿನಲ್ಲಿ, ರಕಾರ ಗಂಟಲಿನಲ್ಲಿ. ಮೊದಲು ಕಿವಿಗೆ ಬೀಳದೆ ಕಣ್ಣಿಗೆ ಬಿದ್ದರೆ ಮಗು ಬರೆದದ್ದನ್ನೆಲ್ಲ ಉಚ್ಚರಿಸಿ, ಆಮೇಲೆ ಅದನ್ನು ಬಿಡಿಸುವುದೇ ಒಂದು ಕೆಲಸವಾಗುತ್ತದೆ.

ಹಾಗೆಂದು ಹೆದರಬೇಕಾಗಿಲ್ಲ. ನಮ್ಮ ಮಕ್ಕಳ ಕೈಯಲ್ಲಿ ಬಂಡವಾಳ ಉಂಟು. ಗೆಳೆಯನಿಗೆ ‘ತ್ಯು’, ಹಿರಿಯರಿಗೆ ‘ವೂ’ ಎನ್ನುವ ಭೇದ ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗೆ ತೊಡಕು. ‘ನೀನು’, ‘ನೀವು’ ಎಂದು ಬೆಳೆದ ಮಗುವಿಗೆ ಹೇಳಿಕೊಡುವುದೇ ಬೇಡ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಅವರ ಲೆಕ್ಕ ಕನ್ನಡಕ್ಕೆ ವಿಚಿತ್ರವೇ ಸರಿ, ಆದರೆ ಶಾಲೆಯಲ್ಲಿ ಹಿಂದಿ ಓದಿದವರಿಗೆ ಆ ಕಾಟ ಹಳೆಯದು. ಎಂಬತ್ತಕ್ಕೆ ಅವರು ‘ನಾಲ್ಕು ಇಪ್ಪತ್ತು’ ಎನ್ನುತ್ತಾರೆಂದು ಹೇಳಿದರೆ ಮಕ್ಕಳು ನಕ್ಕು ಮರೆಯದೆ ಇಟ್ಟುಕೊಳ್ಳುತ್ತಾರೆ.

ಈ ಭಾಷೆಗೂ ಈ ಸೀಮೆಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. 1757ರಲ್ಲಿ ಫ್ರೆಂಚ್ ಸೇನಾನಿ ಬುಸ್ಸಿ ವಿಶಾಖಪಟ್ಟಣದ ಇಂಗ್ಲಿಷರ ಕೋಠಿಯನ್ನು ಹಿಡಿದಿದ್ದ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆಯನ್ನು ಕಂಡುಬಂದರು. ಕಾಕಿನಾಡದಾಚೆ ಗೋದಾವರಿ ತೀರದ ಯಾನಾಂ 1954ರವರೆಗೂ ಫ್ರೆಂಚರ ಕೈಯಲ್ಲಿತ್ತು. ಅವರ ನೆಲೆಗಳು ಭಾರತದ ಆಡಳಿತಕ್ಕೆ ಬಂದ ತಾರೀಖು ಆ ವರ್ಷದ ನವೆಂಬರ್ 1, ಎರಡು ವರ್ಷಗಳ ಮೇಲೆ ನಮ್ಮ ರಾಜ್ಯವೂ ಈ ರಾಜ್ಯವೂ ಹುಟ್ಟಿದ ದಿನ. ಮಕ್ಕಳನ್ನು ಒಂದು ದಿನ ಯಾನಾಂಗೆ ಕರೆದುಕೊಂಡು ಹೋಗಿ ಬರುವುದೂ ಒಂದು ಪಾಠವೇ.

ಪ್ರಮಾಣಪತ್ರದ ಮಾತು. ಶಿಬಿರದವರು ಕೊಡುವ ಕಾಗದಕ್ಕೆ ಗೋಡೆಯ ಮೇಲೆ ಬೆಲೆ, ಬೇರೆಡೆ ಇಲ್ಲ. ಫ್ರೆಂಚ್ ಸರ್ಕಾರದ ಮನ್ನಣೆಯುಳ್ಳ ಪರೀಕ್ಷೆ ಬೇರೆ ಇದೆ: ಡೆಲ್ಫ್. ಚಿಕ್ಕ ಮಕ್ಕಳಿಗೆ ಡೆಲ್ಫ್ ಪ್ರಿಮ್. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೆ 25ರಂತೆ 100 ಅಂಕ. 50 ಬಂದರೆ ತೇರ್ಗಡೆ, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆಯಾಗಬಾರದು. ಆರು ಮೆಟ್ಟಿಲುಗಳಲ್ಲಿ ಮೊದಲನೆಯದಾದ ಎ-1 ಏರಲು ಸಾಮಾನ್ಯವಾಗಿ 60ರಿಂದ 100 ಗಂಟೆ ಪಾಠ ಬೇಕೆನ್ನುತ್ತಾರೆ. ನಮ್ಮ ಶಿಬಿರದ ಹನ್ನೆರಡು ದಿನಕ್ಕೆ 24 ಗಂಟೆಯಾಯಿತು. ಅದರಲ್ಲೇ ‘ನಿರರ್ಗಳ ಫ್ರೆಂಚ್’ ಎಂದು ಕರಪತ್ರದಲ್ಲಿ ಅಚ್ಚು ಹಾಕಿದವರ ಧೈರ್ಯವನ್ನು ಮೆಚ್ಚಬೇಕು. ಫ್ರೆಂಚ್ ಕಲಿತರೆ ವಿದೇಶದಲ್ಲಿ ನೌಕರಿ ಎಂಬ ಆಸೆ ಯಾರಿಗಾದರೂ ಇದ್ದರೆ, ಅದು ಹಲವು ವರ್ಷಗಳ ಓದಿನ ಮಾತು. ಎಂಟು ವರ್ಷದ ಮಗುವಿನ ಎರಡು ವಾರದ ಮೇಲೆ ಆ ಹೊರೆ ಬೇಡ.

ಸಾಲ ಮಾಡಿ ಮಾತ್ರ ಸೇರಿಸಬೇಡಿ. ರಸೀದಿ ಕೇಳಿ, ಮಗುವಿಗೆ ಜ್ವರ ಬಂದು ನಿಂತರೆ ಹಣ ಎಷ್ಟು ವಾಪಸು ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ. ನಮಗೆ ಬಾಯಿಮಾತು ಸಾಕೆನಿಸಿತ್ತು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹತ್ತೂವರೆಯ ನಂತರ ಮಕ್ಕಳನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸುವ ಶಿಬಿರ ಎಷ್ಟು ಒಳ್ಳೆಯದಾದರೂ ಬೇಡ. ರಜೆಗೆ ಬೆಂಗಳೂರಿಗೆ ಹೋಗುವ ಮನೆಗಳವರು ವಸಂತನಗರದ ಅಲಿಯಾನ್ಸ್ ಫ್ರಾಂಸೇಸಿನಲ್ಲಿ ಮಕ್ಕಳ ತರಗತಿ ಯಾವಾಗ ಎಂದು ಮೊದಲೇ ವಿಚಾರಿಸಬಹುದು. 1883ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸಂಸ್ಥೆ ಅದು, ಈ ಕೆಲಸವೇ ಅದರ ಕಸುಬು. ಅಜ್ಜಿಯ ಮನೆಯ ಊಟ, ಬೆಳಿಗ್ಗೆ ಫ್ರೆಂಚ್.

‘ಕನ್ನಡವೇ ಸರಿಯಾಗಿ ಓದಲು ಬಾರದ ಮಕ್ಕಳಿಗೆ ಫ್ರೆಂಚೇಕೆ?’ ಎಂದು ಹಿರಿಯರೊಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಒಂದನ್ನು ಕಲಿತರೆ ಇನ್ನೊಂದು ಹೊರಗೆ ಹೋಗುತ್ತದೆಂದು ನಾವು ನಂಬುವುದಿಲ್ಲ. ಇಲ್ಲಿನ ಶಾಲೆಯಲ್ಲಿ ತೆಲುಗು ಅಕ್ಷರ ಕಲಿತ ಮಗುವಿಗೆ ಕನ್ನಡದ ಅಕ್ಷರ ಅರ್ಧ ಪರಿಚಿತವೇ. ಎರಡು ಲಿಪಿಗಳೂ ಒಂದೇ ತಾಯಿಯವು. ಆದ್ದರಿಂದ ಮೇ ತಿಂಗಳ ಭಾನುವಾರಗಳಲ್ಲಿ ಸಂಜೆ ಒಂದು ಗಂಟೆ ಈ ಮೇಜನ್ನು ಮಕ್ಕಳಿಗೆ ಬಿಟ್ಟುಕೊಡುತ್ತೇವೆ. ಶುಲ್ಕವಿಲ್ಲ, ಪ್ರಮಾಣಪತ್ರವೂ ಇಲ್ಲ. ಶಿಬಿರಕ್ಕೆ ಹೋದವರು ಅಲ್ಲಿ ಏನಾಯಿತೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಜ್ಜಿಗೆ ಕಳಿಸಲಿ. ಅಂಚೆ ಕಾರ್ಡು ನಮ್ಮದು.

ಪತ್ರಿಕೆಯ ಮೇಜಿನ ಪಕ್ಕದಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಏಪ್ರಿಲ್ ಮುಗಿಯುವ ಮೊದಲು ಯಾರು ಯಾವ ಶಿಬಿರವನ್ನು ನೋಡಿ ಬಂದರೂ ಮಕ್ಕಳೆಷ್ಟು, ಗಂಟೆಯೆಷ್ಟು, ಮೇಷ್ಟರು ಆಡಿದ ಭಾಷೆ ಯಾವುದು ಎಂದು ಅದರಲ್ಲಿ ಬರೆದಿಡಬೇಕೆಂದು ಕೋರುತ್ತೇವೆ. ಮೊದಲ ಪುಟದಲ್ಲಿ ನಮ್ಮದನ್ನು ಬರೆದಾಗಿದೆ.