ಕುದಿಯದೆಯೇ ಗುಳ್ಳೆ ಏಳುವ ನೀರು

ಮಕ್ಕಳೇ, ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದರೆ ಅದು ಕುದಿಯುತ್ತಿದೆ ಅಂದುಕೊಳ್ಳುತ್ತೇವೆ, ಅಲ್ಲವೇ? ದಕ್ಷಿಣ ಫ್ರಾನ್ಸಿನ ವೆರ್ಜೆಜ್ ಊರಿನ ಬುಗ್ಗೆಯೂ ಹಾಗೇ ಕಾಣುತ್ತಿತ್ತು. ಆದರೆ ಕೈ ಅದ್ದಿದರೆ ತಣ್ಣೀರು! ಇವತ್ತು ಹಸಿರು ಬಾಟಲಿಗಳಲ್ಲಿ ಮಾರುವ 'ಪೆರಿಯೆ' ನೀರು ಹುಟ್ಟಿದ್ದು ಅಲ್ಲೇ.

ಬೆಂಕಿಯಿಲ್ಲದೆ ಗುಳ್ಳೆ ಹೇಗೆ? ಮಳೆನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ ಕೆಳಗಿಳಿಯುತ್ತದೆ. ಭೂಮಿಯ ಆಳದಿಂದ ಇಂಗಾಲದ ಡೈಆಕ್ಸೈಡ್ ಅನಿಲ ಮೇಲೇರುತ್ತದೆ. ನೆಲದಡಿಯಲ್ಲಿ ಎರಡೂ ಸೇರುತ್ತವೆ. ಅಲ್ಲಿ ಒತ್ತಡ ಹೆಚ್ಚು, ಹಾಗಾಗಿ ಅನಿಲ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ನೀರು ಮೇಲೆ ಬರುತ್ತಿದ್ದಂತೆ ಒತ್ತಡ ಇಳಿದು, ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬೀಳುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ 'ಬುಸ್' ಎನ್ನುವುದೂ ಇದೇ ಕಾರಣಕ್ಕೆ.

ನನಗೆ ಇನ್ನೂ ಸೋಜಿಗವೆನಿಸುವ ಸಂಗತಿ ಬೇರೆ. ಈ ಅನಿಲ ಕರಗಿದ ನೀರಿಗೆ ತುಸು ಹುಳಿ ಬರುತ್ತದೆ. ನಾಲಿಗೆಗೆ ಚುರುಚುರು ಎನ್ನಿಸುವಷ್ಟೇ ಹುಳಿ, ಆದರೂ ಅದು ಗಟ್ಟಿ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸಬಲ್ಲದು! ಹಾಗೆ ಕರಗಿದ ಕ್ಯಾಲ್ಸಿಯಂ ನೀರಿನ ಜೊತೆ ಬಾಟಲಿಗೂ ಬರುತ್ತದೆ.

1898ರಲ್ಲಿ ಲೂಯಿ ಪೆರಿಯೆ ಎಂಬ ವೈದ್ಯರು ಈ ಬುಗ್ಗೆಯನ್ನು ಕೊಂಡರು. ಆಮೇಲೆ ಅದು ಸೇಂಟ್ ಜಾನ್ ಹಾರ್ಮ್ಸ್‌ವರ್ತ್ ಎಂಬ ಇಂಗ್ಲೆಂಡಿನ ಶ್ರೀಮಂತರ ಕೈಸೇರಿತು. ನೀರಿಗೆ ವೈದ್ಯರ ಹೆಸರನ್ನೇ ಇಟ್ಟವರು ಅವರು. ಕಾರು ಅಪಘಾತದಲ್ಲಿ ಹಾರ್ಮ್ಸ್‌ವರ್ತ್ ಅವರ ಕಾಲುಗಳು ಸ್ವಾಧೀನ ತಪ್ಪಿದವು. ತೋಳುಗಳ ಬಲಕ್ಕಾಗಿ ಅವರು ಮರದ ಮುದ್ಗರ ತಿರುಗಿಸುತ್ತಿದ್ದರು. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಭುಜದ ಸುತ್ತ ಬೀಸುತ್ತಾರಲ್ಲ, ಆ ಸಾಧನ! ಭಾರತದಲ್ಲಿ ಅದನ್ನು ಕಂಡ ಬ್ರಿಟಿಷರು ತಮ್ಮ ನಾಡಿಗೂ ಒಯ್ದಿದ್ದರು. ಪೆರಿಯೆ ಬಾಟಲಿಯ ಡುಬ್ಬ ಹೊಟ್ಟೆ, ಸಪೂರ ಕತ್ತು ಬಂದದ್ದು ಆ ಮುದ್ಗರದಿಂದಲೇ.

ಬಾಟಲಿಗೆ ತುಂಬುವಾಗ ಬುಗ್ಗೆಯ ನೀರು, ಅನಿಲ ಎರಡನ್ನೂ ಬೇರೆಬೇರೆಯಾಗಿ ಹಿಡಿದು ಮತ್ತೆ ಬೆರೆಸುತ್ತಿದ್ದರು. ಅನಿಲವನ್ನು ಮೊದಲು ಸೋಸಬೇಕಿತ್ತು. 1990ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಈ ನೀರಿನಲ್ಲಿ ಬೆಂಜೀನ್ ಎಂಬ ಹಾನಿಕರ ರಾಸಾಯನಿಕದ ಅಂಶವನ್ನು ಪತ್ತೆಹಚ್ಚಿತು. ಅನಿಲ ಸೋಸುವ ಫಿಲ್ಟರನ್ನು ಸಕಾಲಕ್ಕೆ ಬದಲಿಸಿರಲಿಲ್ಲ. ಜಗತ್ತಿನ ಅಂಗಡಿಗಳಿಂದ ಸುಮಾರು 16 ಕೋಟಿ ಬಾಟಲಿಗಳನ್ನು ಕಂಪನಿ ವಾಪಸ್ ತರಿಸಿಕೊಳ್ಳಬೇಕಾಯಿತು.